ಶೆಲ್ಲರ್ ರೋಲಿನ ರಬ್ಬರ್ ಕಬ್ಬಿಣದಿಂದ ಬಿಡುತ್ತಿದೆ: ‘ಹೈಡ್ರೋಫಾರ್ಮೈಲೇಷನ್ ಮಾಡಿದ ರಬ್ಬರ್’ ಎಂಬುದು ನಿಜವೇ?

ಕಾರಟಗಿ ಗಿರಣಿ
ಎಲ್ಲರಿಗೂ ನಮಸ್ಕಾರ. ಕಾರಟಗಿಯಲ್ಲಿ ನಮ್ಮದೊಂದು ಸಣ್ಣ ಅಕ್ಕಿ ಗಿರಣಿ ಇದೆ. ಈಗ ಸೋನಾ ಮಸೂರಿ ಬರುವ ಕಾಲ, ಅಂಗಳದ ತುಂಬ ಚೀಲ. ಇಂಥ ಹೊತ್ತಿನಲ್ಲೇ ಭತ್ತದ ಸಿಪ್ಪೆ ಸುಲಿಯುವ ಶೆಲ್ಲರ್‌ನ ರಬ್ಬರ್ ರೋಲುಗಳು ಕೈಕೊಡುತ್ತಿವೆ. ಸವೆದರೆ ದುಃಖವಿಲ್ಲ, ರೋಲು ಇರುವುದೇ ಸವೆಯುವುದಕ್ಕೆ. ಆದರೆ ಅರ್ಧಕ್ಕರ್ಧ ರಬ್ಬರ್ ಉಳಿದಿರುವಾಗಲೇ ಅಂಚು ಏಳುತ್ತದೆ, ಆಮೇಲೆ ಬಾಳೆಹಣ್ಣಿನ ಸಿಪ್ಪೆಯಂತೆ ಒಳಗಿನ ಕಬ್ಬಿಣದ ಡ್ರಮ್ಮಿನಿಂದ ಬಿಟ್ಟುಕೊಳ್ಳುತ್ತದೆ. ಮೊನ್ನೆ ರಾತ್ರಿ ಎರಡು ಗಂಟೆಗೆ ಯಂತ್ರದಿಂದ ಧಡಧಡ ಸದ್ದು ಬಂತು. ನಿಲ್ಲಿಸಿ ಮುಚ್ಚಳ ತೆಗೆದರೆ ಅಂಗೈ ಅಗಲದ ತುಂಡು ಎದ್ದು ಎದುರಿನ ರೋಲಿಗೆ ಬಡಿಯುತ್ತಿತ್ತು. ಅಷ್ಟರಲ್ಲಿ ಎಷ್ಟೋ ಚೀಲ ನುಚ್ಚಾಗಿತ್ತು.

ಈಗ ವಿಷಯಕ್ಕೆ ಬರುತ್ತೇನೆ. ಮಾರಾಟಗಾರರೊಬ್ಬರು ಹೊಸ ರೋಲು ತಂದು ತೋರಿಸಿದರು. ಬೆಲೆ ಒಂದೂವರೆ ಪಟ್ಟು. ‘ಇದು ಹೈಡ್ರೋಫಾರ್ಮೈಲೇಷನ್ ಮಾಡಿದ ನೈಟ್ರೈಲ್ ರಬ್ಬರ್, ಕಬ್ಬಿಣವನ್ನು ಹಿಡಿದರೆ ಬಿಡುವುದಿಲ್ಲ’ ಎಂದರು. ನನಗೆ ಆ ಪದ ಉಚ್ಚರಿಸಲೂ ಎರಡು ದಿನ ಹಿಡಿಯಿತು. ಅಣ್ಣನ ಮಗಳು ರಸಾಯನಶಾಸ್ತ್ರದಲ್ಲಿ ಎಂಎಸ್ಸಿ ಓದುತ್ತಿದ್ದಾಳೆ, ಅಂಥ ಕ್ರಿಯೆ ಇದೆ ಎಂದು ಅವಳೂ ಹೇಳುತ್ತಾಳೆ. ಇದ್ದರೆ ಅದು ನನ್ನ ರೋಲಿನವರೆಗೆ ಬಂದಿದೆಯೇ? ದುಡ್ಡು ಹಾಕಬಹುದೇ? ಬಲ್ಲವರು ಹೇಳಿ.

ಸಿರುಗುಪ್ಪ ಭತ್ತ
ನಮ್ಮೂರ ಗಿರಣಿಯಲ್ಲೂ ಇದೇ ಗೋಳು. ಉತ್ತರಕ್ಕೆ ಕಾಯುತ್ತಿದ್ದೇನೆ.

ಸಿಂಧನೂರು ಓದುಗ
ಹೆಸರಿನಲ್ಲೇ ಫಾರ್ಮಲಿನ್ ಇದೆಯಲ್ಲ! ಹೆಣ ಕೆಡದಂತೆ ಇಡಲು ಬಳಸುವ ದ್ರವವನ್ನು ನಾವು ಉಣ್ಣುವ ಅಕ್ಕಿಯ ಹತ್ತಿರ ತರುವುದೇ? ದಯವಿಟ್ಟು ಬೇಡ ಸಾಹುಕಾರರೇ.

ಬಳ್ಳಾರಿ ರೀಟ್ರೇಡ್
ಸಾಹುಕಾರರೇ, ಹೊಸ ರೋಲಿನ ಮಾತು ಆಮೇಲೆ. ರಬ್ಬರ್ ಎದ್ದ ಜಾಗದಲ್ಲಿ ಡ್ರಮ್ಮು ಹೇಗೆ ಕಾಣುತ್ತದೆ? ಬರಿಯ ಕಬ್ಬಿಣ ಹೊಳೆಯುತ್ತದೆಯೋ, ತುಕ್ಕಿದೆಯೋ, ತೆಳ್ಳನೆಯ ರಬ್ಬರ್ ಪದರ ಅಂಟಿಕೊಂಡಿದೆಯೋ? ನಾನು ಇಪ್ಪತ್ತೆರಡು ವರ್ಷದಿಂದ ಅದಿರು ಲಾರಿಗಳ ಟೈರಿಗೆ ಹೊಸ ಪಟ್ಟಿ ಕೂರಿಸುತ್ತಿದ್ದೇನೆ. ಬಿಟ್ಟುಕೊಂಡ ಜಾಗವೇ ಯಾಕೆ ಬಿಟ್ಟಿತು ಎಂದು ಹೇಳುತ್ತದೆ.

ರಾಯಚೂರು ರಸಾಯನ
ನಾನು ಪದವಿ ಕಾಲೇಜಿನಲ್ಲಿ ಪಾಠ ಮಾಡುವವನು. ಮೊದಲು ಸಿಂಧನೂರಿನವರ ಭಯ ನಿವಾರಿಸುತ್ತೇನೆ. ಈ ಕ್ರಿಯೆಯಲ್ಲಿ ಫಾರ್ಮಲಿನ್ ಒಂದು ಹನಿಯೂ ಬಳಕೆಯಾಗುವುದಿಲ್ಲ. ಬೇಕಾಗುವುದು ಎರಡು ಅನಿಲ: ಇಂಗಾಲದ ಮಾನಾಕ್ಸೈಡ್ ಮತ್ತು ಜಲಜನಕ. ಜೊತೆಗೆ ಕೋಬಾಲ್ಟ್ ಅಥವಾ ರೋಡಿಯಂನ ಒಂದು ವೇಗವರ್ಧಕ.

ಸಂಶ್ಲೇಷಿತ ರಬ್ಬರಿನ ಅಣುವನ್ನು ಉದ್ದನೆಯ ಸರಪಳಿ ಎಂದುಕೊಳ್ಳಿ. ನಡುನಡುವೆ ಎರಡು ಇಂಗಾಲಗಳು ದ್ವಿಬಂಧದಲ್ಲಿ ಕೈಹಿಡಿದಿರುತ್ತವೆ. ವೇಗವರ್ಧಕದ ಲೋಹ ಆ ದ್ವಿಬಂಧದ ಮೇಲೆ ಬಂದು ಕೂರುತ್ತದೆ, ತನ್ನ ಜಲಜನಕವನ್ನು ಒಂದು ಇಂಗಾಲಕ್ಕೆ ಕೊಟ್ಟು ಇನ್ನೊಂದಕ್ಕೆ ತಾನೇ ಅಂಟಿಕೊಳ್ಳುತ್ತದೆ. ಆಮೇಲೆ ಲೋಹಕ್ಕೂ ಇಂಗಾಲಕ್ಕೂ ನಡುವೆ ಮಾನಾಕ್ಸೈಡ್ ನುಸುಳುತ್ತದೆ. ಕೊನೆಗೆ ಜಲಜನಕ ಬಂದು ಲೋಹವನ್ನು ಬಿಡಿಸಿ ಕಳಿಸುತ್ತದೆ. ಉಳಿಯುವುದು ಸರಪಳಿಗೆ ಜೋತುಬಿದ್ದ ಸಿಎಚ್‌ಒ, ಅಂದರೆ ಆಲ್ಡಿಹೈಡ್ ಗುಂಪು. ಲೋಹ ಮುಂದಿನ ದ್ವಿಬಂಧಕ್ಕೆ ಹೋಗುತ್ತದೆ.

ಇದರಿಂದ ಏನು ಲಾಭ? ಪಾಲಿಬ್ಯೂಟಡೀನಿನಂಥ ರಬ್ಬರು ಬರಿಯ ಇಂಗಾಲ, ಜಲಜನಕದ ಎಣ್ಣೆಯ ಸ್ವಭಾವದ ವಸ್ತು. ಕಬ್ಬಿಣ, ಗಾಜು, ನೂಲು ಯಾವುದಕ್ಕೂ ಅದು ಸುಲಭವಾಗಿ ಒಲಿಯುವುದಿಲ್ಲ. ಆಲ್ಡಿಹೈಡ್ ಬಂದರೆ ಸರಪಳಿಗೆ ಕೊಕ್ಕೆ ಬಂದಂತೆ. ಅದನ್ನು ಆಲ್ಕೋಹಾಲ್ ಮಾಡಬಹುದು, ಆಮ್ಲ ಮಾಡಬಹುದು, ಅಮೀನಿಗೆ ಕೂಡಿಸಬಹುದು.

ಕ್ರಿಯೆ ಹೊಸದಲ್ಲ. 1938ರಲ್ಲಿ ಜರ್ಮನಿಯ ರೂರ್‌ಕೆಮಿ ಕಂಪನಿಯಲ್ಲಿ ಒಟ್ಟೊ ರೋಲೆನ್ ಕಂಡುಹಿಡಿದರು. ಆಗ ಕೋಬಾಲ್ಟ್ ಬಳಕೆ, ಒತ್ತಡ 200ರಿಂದ 300 ಬಾರ್. 1960ರ ದಶಕದಲ್ಲಿ ಜೆಫ್ರಿ ವಿಲ್ಕಿನ್‌ಸನ್ ಅವರ ತಂಡ ರೋಡಿಯಂ ಮತ್ತು ಫಾಸ್ಫೀನ್ (ರಂಜಕದ ಸಂಯುಕ್ತ) ಜೋಡಿಯ ದಾರಿ ತೋರಿಸಿದ ಮೇಲೆ 100 ಡಿಗ್ರಿ ಆಸುಪಾಸಿನಲ್ಲಿ, ಹತ್ತಿಪ್ಪತ್ತು ಬಾರ್‌ನಲ್ಲೇ ಕೆಲಸ ಆಗುವಂತಾಯಿತು. ರಬ್ಬರಿನಂಥ ಸರಪಳಿಗೆ ಈ ಮೃದುವಾದ ದಾರಿಯೇ ಬೇಕು.

ಸಿಂಧನೂರು ಓದುಗ
ಸರ್, ಬಿಡಿಸಿ ಹೇಳಿದ್ದಕ್ಕೆ ಧನ್ಯವಾದ. ಫಾರ್ಮಲಿನ್ ಇಲ್ಲ ಎಂದು ಒಪ್ಪಿದೆ. ಮಾನಾಕ್ಸೈಡ್ ಎಂದರೆ ಅದಕ್ಕಿಂತ ಕೆಟ್ಟದ್ದಲ್ಲವೇ?

ಗಂಗಾವತಿ ಬಿಡಿಭಾಗ
ನಮ್ಮದು ಗಿರಣಿ ಬಿಡಿಭಾಗಗಳ ಅಂಗಡಿ. ಇಷ್ಟೆಲ್ಲ ಕಸರತ್ತು ಯಾಕೆ? ಅಪ್ಪಟ ಕೇರಳದ ನೈಸರ್ಗಿಕ ರಬ್ಬರ್ ತೆಗೆದುಕೊಂಡು ಅದಕ್ಕೇ ಈ ಕ್ರಿಯೆ ಮಾಡಿದರೆ ಗಟ್ಟಿಯೂ ಆಯಿತು, ಹಿಡಿತವೂ ಬಂತು. ನಮ್ಮ ತಂದೆಯ ಕಾಲದಲ್ಲಿ ಹೀಗೆ ಸಿಪ್ಪೆ ಏಳುತ್ತಿರಲಿಲ್ಲ.

ರಾಯಚೂರು ರಸಾಯನ
ಗಂಗಾವತಿಯವರೇ, ಅಲ್ಲೇ ತೊಡಕಿರುವುದು. ನೈಸರ್ಗಿಕ ರಬ್ಬರಿನ ಪ್ರತಿ ದ್ವಿಬಂಧದ ಪಕ್ಕದಲ್ಲೂ ಒಂದು ಮೀಥೈಲ್ ಗುಂಪು ಅಡ್ಡ ಕೂತಿರುತ್ತದೆ. ದಪ್ಪನೆಯ ಫಾಸ್ಫೀನುಗಳನ್ನು ಹೊತ್ತ ರೋಡಿಯಂಗೆ ಅಲ್ಲಿ ಜಾಗ ಸಿಗುವುದಿಲ್ಲ, ಕ್ರಿಯೆ ತೆವಳುತ್ತದೆ. ನೈಸರ್ಗಿಕ ರಬ್ಬರನ್ನು ಮಾರ್ಪಡಿಸುವವರು ಎಪಾಕ್ಸಿಡೀಕರಣದ, ಅಂದರೆ ದ್ವಿಬಂಧಕ್ಕೆ ಆಮ್ಲಜನಕ ಸೇರಿಸುವ ದಾರಿ ಹಿಡಿಯುವುದು ಹೆಚ್ಚು. ಮಲೇಷ್ಯಾದವರು 25 ಮತ್ತು 50 ಶೇಕಡಾ ಎಪಾಕ್ಸೈಡ್ ಇರುವ ಬಗೆಗಳನ್ನೇ ಮಾರುತ್ತಾರೆ.

ನೈಟ್ರೈಲ್ ಸೇರಿದಂತೆ ಬ್ಯೂಟಡೀನಿನ ರಬ್ಬರುಗಳ ಕತೆ ಬೇರೆ. ಅಲ್ಲಿ ಎರಡು ಬಗೆಯ ದ್ವಿಬಂಧ. ಕೆಲವು ಬೆನ್ನೆಲುಬಿನ ಒಳಗೇ ಇರುತ್ತವೆ. ಕೆಲವು ಪಕ್ಕಕ್ಕೆ ಚಾಚಿದ ಕೊಂಬೆಯ ತುದಿಯಲ್ಲಿರುತ್ತವೆ, ಅವಕ್ಕೆ ವಿನೈಲ್ ಎನ್ನುತ್ತೇವೆ. ಲೋಹದ ಕೈಗೆ ಮೊದಲು ಸಿಗುವುದು ವಿನೈಲ್. ಹೊಲದ ಬದುವಿನ ಮರದಲ್ಲಿ ಹೊರಕ್ಕೆ ಬಾಗಿದ ಕಾಯಿಯನ್ನು ತಾನೇ ನಾವು ಮೊದಲು ಕೀಳುವುದು? ಹಾಗೆ.

ಗಂಗಾವತಿ ಬಿಡಿಭಾಗ
ಮೀಥೈಲ್ ವಿಷಯ ನನಗೆ ಗೊತ್ತಿರಲಿಲ್ಲ, ಒಪ್ಪುತ್ತೇನೆ. ಆದರೆ ತಂದೆಯ ಕಾಲದ ರೋಲು ಬಿಡುತ್ತಿರಲಿಲ್ಲ ಎಂಬುದಕ್ಕೆ ನಾನೇ ಸಾಕ್ಷಿ.

ಕೊಪ್ಪಳದ ರಬ್ಬರ್ ತಂತ್ರಜ್ಞ
ಅದಕ್ಕೂ ಕಾರಣ ಇದೆ ಸರ್. ನಾನು ಕೊಪ್ಪಳದವನು, ಈಗ ಹೊರಗಡೆ ಒಂದು ರಬ್ಬರ್ ಕಾರ್ಖಾನೆಯಲ್ಲಿದ್ದೇನೆ. ಹಿಂದಿನವರು ಡ್ರಮ್ಮಿನ ಮೇಲೆ ಮೊದಲು ಎಬೊನೈಟ್ ಪದರ ಹಾಕುತ್ತಿದ್ದರು. ಎಬೊನೈಟ್ ಎಂದರೆ ಗಂಧಕವನ್ನು ಬಹಳ ಹೆಚ್ಚು ಬೆರೆಸಿ ಕೊಂಬಿನಷ್ಟು ಗಟ್ಟಿ ಮಾಡಿದ ರಬ್ಬರ್. ಅದರ ಮೇಲೆ ಮೆತ್ತನೆಯ ರಬ್ಬರ್. ಬೇಯಿಸುವುದು (ಶಾಖ ಕೊಟ್ಟು ಗಟ್ಟಿಗೊಳಿಸುವುದು) ನಿಧಾನ, ಆದರೆ ಹಿಡಿತ ಭದ್ರ. ಈಗ ಕಬ್ಬಿಣಕ್ಕೆ ಪ್ರೈಮರ್ ಎಂಬ ಮೊದಲ ಲೇಪ ಹಚ್ಚಿ, ಅದರ ಮೇಲೆ ರಬ್ಬರನ್ನು ಹಿಡಿಯುವ ಬಂಧಕ ಹಚ್ಚಿ, ಬೇಗ ಬೇಯಿಸುತ್ತಾರೆ. ಕ್ರಮವಾಗಿ ಮಾಡಿದರೆ ಇದೂ ಅಷ್ಟೇ ಗಟ್ಟಿ. ಕ್ರಮ ತಪ್ಪಿದರೆ ಸಿಪ್ಪೆ ಏಳುತ್ತದೆ.

ಬಳ್ಳಾರಿ ರೀಟ್ರೇಡ್
ನಾನೂ ಅದನ್ನೇ ಕೇಳಿದ್ದು. ಡ್ರಮ್ಮಿನ ಚಿತ್ರ ಹಾಕಿ ಸಾಹುಕಾರರೇ.

ಗಿರಣಿ ಮನೆಯವಳು
ನಾನೇ ಆ ಎಂಎಸ್ಸಿ ಓದುವವಳು. ಕಾಕಾ ನನ್ನ ಹೆಸರು ಹೇಳಿ ಇಲ್ಲಿ ಪ್ರಶ್ನೆ ಹಾಕಿದ್ದಾರೆಂದು ಈಗ ತಿಳಿಯಿತು. ರಸಾಯನ ಸರ್, ನನಗೊಂದು ಆಸೆ. ಈ ಕ್ರಿಯೆಯನ್ನೇ ಕಿರು ಯೋಜನೆಯಾಗಿ ಮಾಡಬಹುದೇ? ಒಂದು ಕಿಲೋ ಪಾಲಿಬ್ಯೂಟಡೀನಿಗೆ ಲೆಕ್ಕ ಹಾಕಿದೆ. ಘಟಕದ ತೂಕ 54, ಹಾಗಾಗಿ ಸುಮಾರು 18.5 ಮೋಲ್ ದ್ವಿಬಂಧ. ಅದರಲ್ಲಿ ಹತ್ತಕ್ಕೆ ಒಂದನ್ನು ಬದಲಿಸಲು ಪ್ರತಿ ಅನಿಲ 1.85 ಮೋಲ್, ಅಂದರೆ 41 ಲೀಟರ್ ಚಿಲ್ಲರೆ. ರಬ್ಬರಿನ ತೂಕ ಏರುವುದು 56 ಗ್ರಾಂ ಮಾತ್ರ. ಸರಿಯೇ?

ರಾಯಚೂರು ರಸಾಯನ
ಲೆಕ್ಕ ಸರಿ ಇದೆ ಮಗಳೇ. ಐದೂವರೆ ಶೇಕಡಾ ತೂಕಕ್ಕೆ ಗುಣವೇ ಬದಲಾಗುವುದನ್ನು ನೋಡು. ಆದರೆ ಅನಿಲದ ಕೆಲಸವನ್ನು ಕಾಲೇಜಿನಲ್ಲಿ ಮಾಡಬೇಡ. ಒತ್ತಡದ ಪಾತ್ರೆ, ಮಾನಾಕ್ಸೈಡ್ ಸಿಲಿಂಡರ್, ಅದಕ್ಕೆ ತಕ್ಕ ಗಾಳಿ ವ್ಯವಸ್ಥೆ, ಎಚ್ಚರಿಕೆ ಗಂಟೆ ಇಲ್ಲದ ಕಡೆ ಅದನ್ನು ಮುಟ್ಟುವಂತಿಲ್ಲ. ಖರಗಪುರ ಐಐಟಿಯ ರಬ್ಬರ್ ತಂತ್ರಜ್ಞಾನ ಕೇಂದ್ರದಂಥ ಜಾಗಕ್ಕೆ ಮುಂದೆ ಹೋಗುವ ಮನಸ್ಸಿದ್ದರೆ ಆಗ ಮಾಡು.

ತೋರಣಗಲ್ಲು ಬೆಲ್ಟ್
ಒಂದು ಸಲಹೆ. ನಮ್ಮ ಜಿಲ್ಲೆಯಲ್ಲಿ ಮಾನಾಕ್ಸೈಡಿಗೂ ಜಲಜನಕಕ್ಕೂ ಬರವೇ? ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಕಬ್ಬಿಣ ಕರಗಿಸುವ ಕೋರೆಕ್ಸ್ ಘಟಕದ ಅನಿಲದಲ್ಲಿ ಎರಡೂ ಇವೆ. ಕೋಕ್ ಒಲೆಯ ಅನಿಲದಲ್ಲಿ ಅರ್ಧಕ್ಕಿಂತ ಹೆಚ್ಚು ಜಲಜನಕವೇ. ಅದನ್ನು ಬಳಸಿಕೊಂಡು ಇಲ್ಲೇ ರಬ್ಬರ್ ಮಾರ್ಪಡಿಸುವ ಘಟಕ ಹಾಕಿದರೆ ನಮ್ಮ ಹುಡುಗರಿಗೆ ಕೆಲಸ ಸಿಗುತ್ತದೆ. ಜೀನ್ಸ್ ಹೊಲಿದು ಬಳ್ಳಾರಿ ಹೆಸರು ಮಾಡಲಿಲ್ಲವೇ?

ಅನಿಲ ವಿಭಾಗ
ಬೆಲ್ಟ್ ಅಣ್ಣ, ನಿಮ್ಮ ಊರಭಿಮಾನಕ್ಕೆ ನಮಸ್ಕಾರ. ಆದರೆ ನಾನು ಆ ಅನಿಲದ ಕೊಳವೆಗಳ ನಡುವೆಯೇ ಪಾಳಿ ಮಾಡುವವನು. ಎದೆಯ ಜೇಬಿಗೆ ಮೀಟರ್ ಸಿಕ್ಕಿಸಿಕೊಳ್ಳದೆ ಒಳಗೆ ಕಾಲಿಡುವುದಿಲ್ಲ. ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನನ್ನು ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾಗಿ ಹಿಡಿಯುತ್ತದೆ. ಹಿಂದೊಮ್ಮೆ ಬೇರೆ ಊರಿನಲ್ಲಿ ಕೆಲಸ ಮಾಡುವಾಗ ನನ್ನ ಜೊತೆಗಾರನೊಬ್ಬ ಕವಾಟದ ಹತ್ತಿರ ಕುಳಿತವನು ಏಳಲಿಲ್ಲ. ನಿದ್ದೆ ಬಂದಿದೆ ಎಂದುಕೊಂಡೆವು. ಹೊರಗೆ ಎಳೆದು ಆಮ್ಲಜನಕ ಕೊಟ್ಟಿದ್ದರಿಂದ ಉಳಿದ. ಅವನ ತುಟಿಯ ಬಣ್ಣ ಇವತ್ತಿಗೂ ಕಣ್ಣ ಮುಂದಿದೆ. ಮಗಳು ಯೋಜನೆ ಎಂದ ಕೂಡಲೇ ನನಗೆ ಎದೆ ಝಲ್ ಎಂದಿತು, ಅದಕ್ಕೇ ಇಷ್ಟು ಬರೆದೆ.

ತೋರಣಗಲ್ಲು ಬೆಲ್ಟ್
ನೀವು ಹೇಳಿದ್ದು ನೂರಕ್ಕೆ ನೂರು ಸರಿ. ಮನೆಯಲ್ಲಿ, ಕಾಲೇಜಿನಲ್ಲಿ ಮಾಡಿ ಎಂದು ನಾನು ಹೇಳಲಿಲ್ಲ, ದೊಡ್ಡ ಘಟಕದ ಮಾತು ಹೇಳಿದೆ.

ರಾಯಚೂರು ರಸಾಯನ
ದೊಡ್ಡ ಘಟಕಕ್ಕೂ ಕಷ್ಟಗಳಿವೆ. ಒಲೆಯ ಅನಿಲದಲ್ಲಿ ಗಂಧಕದ ಸಂಯುಕ್ತಗಳಿರುತ್ತವೆ, ರೋಡಿಯಂಗೆ ಅವು ವಿಷ. ಚೆನ್ನಾಗಿ ತೊಳೆದ ಮೇಲೆಯೇ ಬಳಕೆಗೆ ಬಂದೀತು.

ಇದಕ್ಕಿಂತ ದೊಡ್ಡ ಕಷ್ಟ ರಬ್ಬರಿನದೇ. ಪ್ರೊಪಿಲೀನಿಗೆ ಈ ಕ್ರಿಯೆ ಮಾಡಿದರೆ ಬ್ಯೂಟಿರಾಲ್ಡಿಹೈಡ್ ಬರುತ್ತದೆ. ಅದು ಆವಿಯಾಗುವ ದ್ರವ, ಬಟ್ಟಿ ಇಳಿಸಿ ತೆಗೆದರೆ ರೋಡಿಯಂ ಪಾತ್ರೆಯಲ್ಲೇ ಉಳಿಯುತ್ತದೆ, ಮತ್ತೆ ಮತ್ತೆ ದುಡಿಸಬಹುದು. ರಬ್ಬರನ್ನು ಬಟ್ಟಿ ಇಳಿಸಲು ಸಾಧ್ಯವೇ? ಟಾಲ್ಯೂಯಿನ್ ದ್ರಾವಕದಲ್ಲಿ ಕರಗಿಸಿದರೆ ಜೇನುತುಪ್ಪದಂತೆ ಮಂದವಾಗುತ್ತದೆ. ಕ್ರಿಯೆ ಮುಗಿದ ಮೇಲೆ ರೋಡಿಯಂ ಅದರೊಳಗೇ ಸಿಕ್ಕಿಕೊಳ್ಳುತ್ತದೆ. ಗ್ರಾಂ ಲೆಕ್ಕದಲ್ಲಿ ಮಾರುವ ಲೋಹ ಅದು, ಚಿನ್ನದಂಥದ್ದು. ಅಗ್ಗದ ಕೋಬಾಲ್ಟ್ ಬಳಸಿದರೆ ಒತ್ತಡ, ಶಾಖ ಹೆಚ್ಚು ಬೇಕು, ಜೊತೆಗೆ ಒಳಗೆ ಉಳಿದ ಕೋಬಾಲ್ಟ್ ರಬ್ಬರನ್ನು ಬೇಗ ಮುದಿಯಾಗಿಸುತ್ತದೆ. ಇನ್ನೊಂದು ಮಾತು: ಆಲ್ಡಿಹೈಡುಗಳು ತಮ್ಮತಮ್ಮಲ್ಲೇ ಕೂಡಿಕೊಂಡು ಸರಪಳಿಗಳನ್ನು ಗಂಟು ಹಾಕುತ್ತವೆ, ಪಾತ್ರೆಯಲ್ಲಿ ದ್ರಾವಣದ ಬದಲು ಗಟ್ಟಿ ಮುದ್ದೆ ಸಿಗುತ್ತದೆ. ಆದ್ದರಿಂದ ಈ ದಾರಿ ಹೊಂದುವುದು ಸಣ್ಣ ಸರಪಳಿಯ ದ್ರವರೂಪದ ಪಾಲಿಬ್ಯೂಟಡೀನಿಗೆ. ಅದಕ್ಕೆ ಆಲ್ಡಿಹೈಡ್ ಸೇರಿಸಿ, ಆಲ್ಕೋಹಾಲ್ ಮಾಡಿ, ಪಾಲಿಯುರೆಥೇನಿಗೆ ಬಳಸುವಂಥ ಬೆಲೆಯುಳ್ಳ ಪದಾರ್ಥ ಮಾಡಬಹುದು. ಟನ್ನುಗಟ್ಟಲೆ ಗಿರಣಿ ರೋಲಿಗೆ ಈ ಲೆಕ್ಕ ಕೂಡಿಬರುವುದು ನನಗೆ ಕಾಣುವುದಿಲ್ಲ.

ಹಂಪಿ ಕನ್ನಡ
ಇಷ್ಟು ಚೆಂದದ ಚರ್ಚೆ. ಆದರೆ ‘ಹೈಡ್ರೋಫಾರ್ಮೈಲೇಷನ್’ ಎಂದು ಎಷ್ಟು ಸಲ ಬರೆಯುತ್ತೀರಿ? ‘ಆಲ್ಡಿಹೈಡ್ ಕೂಡಿಕೆ’ ಎಂದರೆ ಆಗದೇ?

ರಾಯಚೂರು ರಸಾಯನ
ತರಗತಿಯಲ್ಲಿ ನಾನು ಹಾಗೆಯೇ ಹೇಳಿ ಆರಂಭಿಸುತ್ತೇನೆ. ಪರೀಕ್ಷೆಯಲ್ಲಿ ಮಾತ್ರ ಹೆಸರನ್ನೇ ಬರೆಯಬೇಕು, ಇಲ್ಲದಿದ್ದರೆ ಮಕ್ಕಳಿಗೆ ಮುಂದಿನ ಓದಿನಲ್ಲಿ ತೊಂದರೆ.

ಅನಿಲ ವಿಭಾಗ
ಕೂಡಿಕೆ ಎಂಬುದು ಮದುವೆಗೆ ಸಂಬಂಧಿಸಿದ ಮಾತು ನಮ್ಮ ಕಡೆ. ‘ಜೋಡಣೆ’ ಎನ್ನಿ.

ಹಂಪಿ ಕನ್ನಡ
ಜೋಡಣೆಯೂ ಒಪ್ಪಿತ. ಕನ್ನಡದಲ್ಲಿ ಹೇಳಿದ್ದರಿಂದಲೇ ಅಲ್ಲವೇ ಗಿರಣಿಯವರಿಗೂ ನನಗೂ ಇದು ಅರ್ಥವಾದದ್ದು?

ಮುನಿರಾಬಾದ್ ನೀರು
ರಬ್ಬರ್ ಎಂದ ಕೂಡಲೇ ನನಗೆ ತುಂಗಭದ್ರಾ ಅಣೆಕಟ್ಟಿನ ಗೇಟು ನೆನಪಾಯಿತು. ಗೇಟಿನ ಅಂಚಿಗೆ ಸೋರಿಕೆ ತಡೆಯಲು ರಬ್ಬರ್ ಪಟ್ಟಿ ಇರುತ್ತದೆ. 2024ರ ಆಗಸ್ಟ್‌ನಲ್ಲಿ 19ನೇ ಗೇಟು ಕೊಚ್ಚಿಹೋಯಿತಲ್ಲ, ಅದಕ್ಕೂ ರಬ್ಬರಿಗೂ ಸಂಬಂಧವಿತ್ತೇ?

ತೋರಣಗಲ್ಲು ಬೆಲ್ಟ್
ಇಲ್ಲ ಸರ್, ಅಲ್ಲಿ ತುಂಡಾದದ್ದು ಸರಪಳಿ, ಕಬ್ಬಿಣದ್ದು. ರಬ್ಬರ್ ಪಟ್ಟಿ ಹಾಳಾದರೆ ನೀರು ಸೋರುತ್ತದೆ, ಗೇಟು ಹೋಗುವುದಿಲ್ಲ.

ಸಿರುಗುಪ್ಪ ಭತ್ತ
ಆ ರಾತ್ರಿ ನಾವು ಯಾರೂ ಮಲಗಲಿಲ್ಲ. ಹರಿದುಹೋದದ್ದು ನಮ್ಮ ಭತ್ತದ ನೀರು. ಗೇಟಿನ ವಿಷಯಕ್ಕೆ ಬೇರೆ ಎಳೆ ತೆರೆಯಿರಿ, ಅಲ್ಲಿ ಬರೆಯುವುದು ಬಹಳ ಇದೆ.

ಕಾರಟಗಿ ಗಿರಣಿ
ತಡವಾಯಿತು, ಕ್ಷಮಿಸಿ, ಭತ್ತ ಇಳಿಸುವ ಗಡಿಬಿಡಿ. ಬಿಟ್ಟುಕೊಂಡ ಮೂರು ರೋಲುಗಳನ್ನು ಹೊರಗೆ ಬಿಸಿಲಿಗೆ ಇಟ್ಟು ನೋಡಿದೆ. ಎರಡರಲ್ಲಿ ರಬ್ಬರ್ ಎದ್ದ ಜಾಗ ನಯವಾಗಿ, ಬೆಳ್ಳಿಯ ತಟ್ಟೆಯಂತೆ ಹೊಳೆಯುತ್ತದೆ. ಬೆರಳಾಡಿಸಿದರೆ ಒರಟೇ ಇಲ್ಲ. ಒಂದು ಮೂಲೆಯಲ್ಲಿ ಹಳೆಯ ಕಂದು ಬಣ್ಣದ ಪದರ ನಾಣ್ಯದಷ್ಟು ಅಗಲ ಉಳಿದಿದೆ, ಅದರ ಮೇಲೆಯೇ ಹೊಸ ರಬ್ಬರ್ ಕೂರಿಸಿದಂತಿದೆ. ಮೂರನೆಯದರಲ್ಲಿ ಅಂಚಿನುದ್ದಕ್ಕೂ ತುಕ್ಕಿನ ಗೆರೆ. ಎತ್ತಿದ ತುಂಡಿನ ಒಳಮೈ ಕೂಡ ಗಾಜಿನಷ್ಟು ನುಣುಪು.

ಬಳ್ಳಾರಿ ರೀಟ್ರೇಡ್
ಅಲ್ಲಿಗೆ ಮುಗಿಯಿತು. ಇದು ರಬ್ಬರಿನ ದೋಷವಲ್ಲ, ಕೈಕೆಲಸದ ದೋಷ. ಹಳೆಯ ಡ್ರಮ್ಮಿಗೆ ಮರುಹೊದಿಕೆ ಮಾಡುವಾಗ ಮರಳು ಸಿಡಿಸಿ ಒರಟು ಮಾಡಿಲ್ಲ. ಬರಿಯ ಲೇತಿನಲ್ಲಿ ಕೆರೆದು ಬಂಧಕ ಹಚ್ಚಿದ್ದಾರೆ.

ನಮ್ಮ ಕೆಲಸ ಹೇಳುತ್ತೇನೆ ಕೇಳಿ. ಹಳೆಯ ಟೈರನ್ನು ತಿಕ್ಕಿ ಒರಟು ಮಾಡಿದ ಮೇಲೆ ಅದರ ಮೈ ಮಖಮಲ್ಲಿನಂತೆ ಮ್ಲಾನವಾಗಿ ಕಾಣಬೇಕು, ಹೊಳಪು ಇರಬಾರದು. ಆ ಮೇಲೆ ಬರಿಗೈಯಲ್ಲಿ ಮುಟ್ಟುವಂತಿಲ್ಲ. ಅಂಗೈಯ ಬೆವರು, ಎಣ್ಣೆ ತಾಗಿದರೆ ಅಷ್ಟು ಜಾಗ ಸತ್ತಂತೆ. ಅದೇ ದಿನ ಸೊಲ್ಯೂಷನ್ (ರಬ್ಬರ್ ಅಂಟು) ಹಚ್ಚಬೇಕು. ರಾತ್ರಿ ಬಿಟ್ಟು ಬೆಳಗ್ಗೆ ಹಚ್ಚಿದರೆ ನಮ್ಮೂರ ಕೆಂಪು ಧೂಳು ಮೊದಲೇ ಹಚ್ಚಿಕೊಂಡಿರುತ್ತದೆ. ನಾನು ಕಲಿಯುವಾಗ ಗುರುಗಳು ಹಸಿ ಬೆರಳಚ್ಚು ಬಿದ್ದ ಟೈರೊಂದನ್ನು ಬೇಕೆಂದೇ ಬೇಯಿಸಿ, ಆಮೇಲೆ ಪಟ್ಟಿ ಎಳೆದು ತೋರಿಸಿದ್ದರು. ಬಿಟ್ಟ ಜಾಗದಲ್ಲಿ ಐದು ಬೆರಳು ಎಣಿಸಬಹುದಿತ್ತು.

ಕೊಪ್ಪಳದ ರಬ್ಬರ್ ತಂತ್ರಜ್ಞ
ರೀಟ್ರೇಡ್ ಅಣ್ಣ ಹೇಳಿದ್ದೇ ನಮ್ಮ ಪರೀಕ್ಷಾಲಯದ ಪಾಠ. ರಬ್ಬರ್ ಹರಿದು ಲೋಹದ ಮೇಲೂ ರಬ್ಬರ್ ಉಳಿದರೆ ಹಿಡಿತ ಗೆದ್ದಿದೆ, ಸೋತದ್ದು ರಬ್ಬರ್. ಲೋಹ ಬರಿದಾಗಿ ಕಂಡರೆ ಪ್ರೈಮರ್ ಕಬ್ಬಿಣವನ್ನೇ ಹಿಡಿದಿಲ್ಲ. ಅಂಥ ಡ್ರಮ್ಮಿನ ಮೇಲೆ ಎಂಥ ಮಾರ್ಪಡಿಸಿದ ರಬ್ಬರ್ ತಂದರೂ ಅಷ್ಟೇ, ಯಾಕೆಂದರೆ ರಬ್ಬರು ಮುಟ್ಟುವುದು ಬಂಧಕವನ್ನು, ಕಬ್ಬಿಣವನ್ನಲ್ಲ.

ಆದರೆ ರಬ್ಬರನ್ನು ಮಾರ್ಪಡಿಸುವುದೇ ವ್ಯರ್ಥ ಎಂದು ಯಾರೂ ತಿಳಿಯಬಾರದು. ಟೈರಿನೊಳಗಿನ ಉಕ್ಕಿನ ತಂತಿಗೆ ಹಿತ್ತಾಳೆ ಲೇಪಿಸುವುದು, ಅದರ ತಾಮ್ರ ಗಂಧಕದೊಡನೆ ಕೂಡಿ ರಬ್ಬರನ್ನು ಹಿಡಿಯಲೆಂದು. ನೂಲಿನ ದಾರಕ್ಕೆ 1930ರ ದಶಕದಿಂದಲೂ ರಿಸಾರ್ಸಿನಾಲ್, ಫಾರ್ಮಾಲ್ಡಿಹೈಡ್, ಲ್ಯಾಟೆಕ್ಸ್ ಸೇರಿದ ದ್ರವದ ಸ್ನಾನ ಮಾಡಿಸುತ್ತಾರೆ. ಅಲ್ಲೂ ಆಲ್ಡಿಹೈಡೇ ಕೊಂಡಿ. ರೋಲಿನ ಸವೆತಕ್ಕೆ ನಿಜವಾಗಿ ಮಾರುಕಟ್ಟೆಯಲ್ಲಿ ಸಿಗುವ ಮಾರ್ಪಾಡು ಎಂದರೆ ಕಾರ್ಬಾಕ್ಸಿಲೇಟೆಡ್ ನೈಟ್ರೈಲ್. ಅದರಲ್ಲಿ ಆಮ್ಲದ ಗುಂಪನ್ನು ರಬ್ಬರ್ ತಯಾರಿಸುವಾಗಲೇ ಸೇರಿಸುತ್ತಾರೆ, ಆಮೇಲೆ ಅನಿಲ ಹಾಯಿಸಬೇಕಿಲ್ಲ. ಸವೆತಕ್ಕೆ ಚೆನ್ನಾಗಿ ತಡೆಯುತ್ತದೆ.

ಗಂಗಾವತಿ ಬಿಡಿಭಾಗ
ಹಾಗಾದರೆ ಮಾರಾಟಗಾರ ಸುಳ್ಳು ಹೇಳಿದನೇ?

ಕಾರಟಗಿ ಗಿರಣಿ
ಅವರನ್ನು ಕೇಳಿದೆ. ಸಿಟ್ಟಾಗದೆ ಒಂದು ಹಾಳೆ ಕಳಿಸಿದ್ದಾರೆ, ಅವಕೆಂಪು ವರ್ಣಪಟಲವಂತೆ, ಯಾವ ಗುಂಪು ಯಾವ ಬೆಳಕನ್ನು ಹೀರುತ್ತದೆ ಎಂದು ತೋರಿಸುವ ಗೆರೆಚಿತ್ರ. 1728ರ ಹತ್ತಿರ ದೊಡ್ಡ ಇಳಿಜಾರಿಗೆ ಕೆಂಪು ಶಾಯಿಯಲ್ಲಿ ಗುರುತು ಹಾಕಿ ‘ಆಲ್ಡಿಹೈಡ್’ ಎಂದು ಬರೆದಿದ್ದಾರೆ. ಮಗಳು ನೋಡಿ, ಆಲ್ಡಿಹೈಡ್ ಬರುವುದು ಅಲ್ಲೇ ಎಂದಳು. ಈಗ ಏನು ಮಾಡಲಿ?

ರಾಯಚೂರು ರಸಾಯನ
ಹಾಳೆ ನೋಡಿದೆ. 2237ರಲ್ಲಿ ನೈಟ್ರೈಲ್ ಇದೆ, 968ರಲ್ಲಿ ದ್ವಿಬಂಧ ಇದೆ, ಹಾಗಾಗಿ ನೈಟ್ರೈಲ್ ರಬ್ಬರ್ ಎಂಬುದು ಸತ್ಯ. ಆದರೆ 1728ನ್ನು ಕಂಡು ಆಲ್ಡಿಹೈಡ್ ಎನ್ನುವುದು ಅವಸರ. ನೈಟ್ರೈಲಿಗೆ ಮೆತುಗೊಳಿಸಲು ಥಾಲೇಟ್ ಎಣ್ಣೆ ಬೆರೆಸುವುದು ರೂಢಿ. ಅದು ಎಸ್ಟರ್, ಅದರ ಗೆರೆಯೂ ಅಲ್ಲೇ ಬೀಳುತ್ತದೆ. ನಿಜವಾದ ಆಲ್ಡಿಹೈಡಿಗೆ 2720ರ ಹತ್ತಿರ ಇನ್ನೊಂದು ಸಣ್ಣ ಗೆರೆ ಇರಬೇಕು. ಈ ಹಾಳೆಯಲ್ಲಿ ಆ ಜಾಗ ಸಪಾಟಾಗಿದೆ.

ಮಗಳೇ, ನಿನಗೆ ಯೋಜನೆ ಬೇಕೆಂದೆಯಲ್ಲ, ಇಗೋ ಇಲ್ಲಿದೆ. ಆ ರೋಲಿನಿಂದ ಉಗುರಿನಷ್ಟು ತುಂಡು ಕತ್ತರಿಸಿ ಸಣ್ಣಗೆ ಹೆಚ್ಚು. ಸಾಕ್ಸ್‌ಲೆಟ್‌ನಲ್ಲಿ ಮೆಥನಾಲ್ ಹಾಕಿ ಒಂದು ದಿನ ತೊಳೆ, ಆ ಉಪಕರಣ ದ್ರಾವಕವನ್ನು ಮತ್ತೆ ಮತ್ತೆ ಹಾಯಿಸಿ ತೊಳೆಯುತ್ತದೆ. ಅಸಿಟೋನ್ ಬೇಡ, ನೈಟ್ರೈಲ್ ಅದರಲ್ಲಿ ಉಬ್ಬುತ್ತದೆ. ಮೆಥನಾಲ್ ಆವಿಯ ಬಗ್ಗೆ ಎಚ್ಚರ, ಹುಡ್ ಒಳಗೇ ಮಾಡು. ತೊಳೆದು ಒಣಗಿಸಿದ ಮೇಲೆ ಮತ್ತೆ ವರ್ಣಪಟಲ ತೆಗೆ. ಎಣ್ಣೆಯಾದರೆ ಗೆರೆ ಹೋಗುತ್ತದೆ, ಸರಪಳಿಗೆ ಅಂಟಿದ್ದಾದರೆ ಉಳಿಯುತ್ತದೆ. ಬಿಳಿ ರೋಲು ಆಗಿರುವುದರಿಂದ ಕೆಲಸ ಸುಲಭ, ಕಪ್ಪು ರಬ್ಬರಾಗಿದ್ದರೆ ಅದರ ಮಸಿ ಬೆಳಕನ್ನೆಲ್ಲ ನುಂಗುತ್ತಿತ್ತು.

ಸಿಂಧನೂರು ಓದುಗ
ರೋಲು ಬಿಳಿ ಯಾಕೆ ಎಂದು ಇಷ್ಟು ದಿನ ಯೋಚಿಸಿದ್ದೆ. ಪರೀಕ್ಷೆಗೆ ಅನುಕೂಲವಾಗಲಿ ಎಂದೇ?

ಕಾರಟಗಿ ಗಿರಣಿ
ಇಲ್ಲಪ್ಪ, ಕಪ್ಪು ರಬ್ಬರ್ ಆದರೆ ಅಕ್ಕಿಗೆ ಮಸಿ ಹತ್ತುತ್ತದೆ, ವ್ಯಾಪಾರಿ ಮುಟ್ಟುವುದಿಲ್ಲ.

ಗಿರಣಿ ಮನೆಯವಳು
ಹತ್ತು ದಿನ ಬೇಕಾಯಿತು, ಸಾಕ್ಸ್‌ಲೆಟ್ ಬೇರೆಯವರ ಬಳಿ ಇತ್ತು. ಮೂರು ತುಂಡು ತೊಳೆದೆ. ತೊಳೆಯುವ ಮೊದಲು 1728ರ ಗೆರೆ ಎದ್ದು ಕಾಣುತ್ತಿತ್ತು. ತೊಳೆದ ಮೇಲೆ ಮೂರರಲ್ಲೂ ಇಲ್ಲ. 2237 ಇದ್ದಲ್ಲೇ ಇದೆ. ಮೆಥನಾಲ್ ಆರಿಸಿದಾಗ ಗಾಜಿನ ತಳದಲ್ಲಿ ಹರಳೆಣ್ಣೆಯಂಥ ಜಿಡ್ಡು ಉಳಿಯಿತು. ಅದರ ವರ್ಣಪಟಲ ತೆಗೆದರೆ 1728 ಅಲ್ಲಿದೆ! ಸರ್, ನನಗೆ ಆ ಕ್ಷಣ ಎಷ್ಟು ಖುಷಿಯಾಯಿತೆಂದರೆ ಕಾಕಾ ದುಡ್ಡು ಉಳಿದದ್ದೂ ಆಮೇಲೆ ನೆನಪಾಯಿತು.

ರಾಯಚೂರು ರಸಾಯನ
ಶಹಬ್ಬಾಸ್! ಒಂದು ಎಚ್ಚರ ಬರೆದುಕೊ: ಬೇಯಿಸಿದ ರೋಲಿನಲ್ಲಿ ಆಲ್ಡಿಹೈಡ್ ಇದ್ದದ್ದು ಬೇರೆ ಏನಾದರೂ ಆಗಿ ಖರ್ಚಾಗಿರಬಹುದು, ತೀರ ಕಡಿಮೆ ಇದ್ದರೆ ಕಾಣದೆಯೂ ಇರಬಹುದು. ನಿನ್ನ ಪರೀಕ್ಷೆ ಹೇಳುವುದು ಇಷ್ಟೇ: ಅವರು ಗುರುತು ಹಾಕಿದ ಗೆರೆ ರಬ್ಬರಿನದಲ್ಲ, ಎಣ್ಣೆಯದು. ಬೇಯಿಸದ ಕಚ್ಚಾ ರಬ್ಬರಿನ ಮಾದರಿ ಕೊಡಲಿ, ಆಗ ಪೂರ್ತಿ ಹೇಳಬಹುದು.

ಇನ್ನೊಂದು ಸಂಗತಿ ಹೇಳದೆ ಇರಲಾರೆ. ಆ ಜಿಡ್ಡು ಡೈಆಕ್ಟೈಲ್ ಥಾಲೇಟ್ ಆಗಿದ್ದರೆ, ಅದರ ಹುಟ್ಟು ಯಾವುದು ಗೊತ್ತೇ? ಪ್ರೊಪಿಲೀನಿಗೆ ಹೈಡ್ರೋಫಾರ್ಮೈಲೇಷನ್ ಮಾಡಿದರೆ ಬ್ಯೂಟಿರಾಲ್ಡಿಹೈಡ್, ಎರಡು ಬ್ಯೂಟಿರಾಲ್ಡಿಹೈಡ್ ಕೂಡಿಸಿ ಜಲಜನಕ ಸೇರಿಸಿದರೆ ಎಥೈಲ್ ಹೆಕ್ಸನಾಲ್, ಅದನ್ನು ಥಾಲಿಕ್ ಅನ್‌ಹೈಡ್ರೈಡಿಗೆ ಸೇರಿಸಿದರೆ ಈ ಎಣ್ಣೆ. ಆ ಆಲ್ಕೋಹಾಲನ್ನು ವಿಶಾಖಪಟ್ಟಣದಲ್ಲೇ ತಯಾರಿಸುತ್ತಾರೆ. ಅಂದರೆ ರೋಲೆನ್ ಕಂಡುಹಿಡಿದ ಕ್ರಿಯೆ ಸಾಹುಕಾರರ ಗಿರಣಿಯೊಳಗೆ ಮೊದಲಿನಿಂದಲೂ ಇತ್ತು, ರಬ್ಬರಿನ ಸರಪಳಿಯಲ್ಲಲ್ಲ, ಅದನ್ನು ಮೆತುಗೊಳಿಸುವ ಎಣ್ಣೆಯಲ್ಲಿ.

ಹಂಪಿ ಕನ್ನಡ
ಓದಿ ಮೈ ಜುಮ್ಮೆಂದಿತು.

ಗಂಗಾವತಿ ಬಿಡಿಭಾಗ
ನಾನೂ ಆ ರೋಲು ತರಿಸುವವನಿದ್ದೆ, ನಿಲ್ಲಿಸಿದೆ. ಕಚ್ಚಾ ಮಾದರಿ ಕೊಟ್ಟರೆ ಮಾತ್ರ ಮುಂದಿನ ಮಾತು ಎಂದು ಹೇಳಿದ್ದೇನೆ. ರಸಾಯನ ಸರ್, ಬೇಸಿಗೆಯಲ್ಲಿ ತಗಡಿನ ಗೋದಾಮಿನಲ್ಲಿ ರೋಲು ಇಡುತ್ತೇವೆ, ಅದರಿಂದಲೂ ಕೆಡುತ್ತದೆಯೇ?

ಕೊಪ್ಪಳದ ರಬ್ಬರ್ ತಂತ್ರಜ್ಞ
ನಾನು ಹೇಳುತ್ತೇನೆ. ಖಂಡಿತ ಕೆಡುತ್ತದೆ. ಏಪ್ರಿಲ್‌ನಲ್ಲಿ ತಗಡಿನ ಕೆಳಗೆ ಒಲೆಯಂತೆ ಕಾಯುತ್ತದೆ, ಉಳಿದ ದ್ವಿಬಂಧಗಳನ್ನು ಆಮ್ಲಜನಕ ಮತ್ತು ಓಝೋನ್ ಮೆಲ್ಲುತ್ತವೆ. ಬಿಸಿ ವಸ್ತು ಸಾಗಿಸುವ ಬೆಲ್ಟಿಗೆ ದ್ವಿಬಂಧ ತೀರ ಕಡಿಮೆ ಇರುವ ಇಪಿಡಿಎಂ ಎಂಬ ರಬ್ಬರ್ ಬಳಸುವುದು ಅದಕ್ಕೇ. ರೋಲನ್ನು ತಂಪಾದ ಕತ್ತಲ ಕೋಣೆಯಲ್ಲಿಡಿ, ಮೋಟರ್ ಓಡುವ ಜಾಗದಿಂದ ದೂರ. ಮೊದಲು ಬಂದದ್ದನ್ನು ಮೊದಲು ಮಾರಿ.

ತೋರಣಗಲ್ಲು ಬೆಲ್ಟ್
ಇಪಿಡಿಎಂ ಮಾತು ನಿಜ. ನಾವು ಬೆಲ್ಟು ಜೋಡಿಸುವಾಗ 145 ಡಿಗ್ರಿ ಆಸುಪಾಸಿನಲ್ಲಿ ಒತ್ತಿ ಬೇಯಿಸುತ್ತೇವೆ. ಇಪಿಡಿಎಂ ಬೆಲ್ಟಿಗೆ ಸಾಮಾನ್ಯ ಸೊಲ್ಯೂಷನ್ ಹಚ್ಚಿದ ಹೊಸ ಹುಡುಗನೊಬ್ಬ ಮರುದಿನವೇ ಜೋಡಣೆ ಬಿಟ್ಟದ್ದು ಕಂಡು ಅಳುವಂತಾಗಿದ್ದ. ಅವನ ತಪ್ಪಲ್ಲ, ಯಾರೂ ಹೇಳಿಕೊಟ್ಟಿರಲಿಲ್ಲ.

ಕಾರಟಗಿ ಗಿರಣಿ
ಎಲ್ಲರಿಗೂ ಕೈಮುಗಿಯುತ್ತೇನೆ. ಆ ದುಬಾರಿ ರೋಲು ಬೇಡವೆಂದೆ. ಮರುಹೊದಿಕೆ ಮಾಡುವ ಬೇರೊಬ್ಬರ ಹತ್ತಿರ ಹೋಗಿ, ಅಲ್ಲೇ ನಿಂತು ಮರಳು ಸಿಡಿಸಿದ್ದನ್ನು ನೋಡಿದೆ. ರೀಟ್ರೇಡ್ ಅಣ್ಣ ಹೇಳಿದಂತೆ ಡ್ರಮ್ಮು ಬೂದು ಬಣ್ಣಕ್ಕೆ ತಿರುಗಿತು, ಹೊಳಪೇ ಇಲ್ಲ. ಅದೇ ಮಧ್ಯಾಹ್ನ ಪ್ರೈಮರ್ ಹಚ್ಚಿಸಿದೆ. ಕೈಗವಸು ಹಾಕದೆ ಮುಟ್ಟಲು ಹೋದ ಹುಡುಗನಿಗೆ ನಾನೇ ತಡೆದೆ. ಹೊಸ ಜೊತೆ ಎಂಟು ದಿನದಿಂದ ಎರಡೂ ಪಾಳಿ ಓಡುತ್ತಿದೆ. ಜೋಡಿಯಲ್ಲಿ ವೇಗವಾಗಿ ತಿರುಗುವ ರೋಲು ಹೆಚ್ಚು ಸವೆದದ್ದರಿಂದ ಇಂದು ಬೆಳಗ್ಗೆ ಅದಲುಬದಲು ಮಾಡಿದೆವು. ಅಂಚಿಗೆ ಉಗುರು ಹಾಕಿ ನೋಡಿದೆ, ಒಳಗೆ ಹೋಗಲಿಲ್ಲ.

ಬಳ್ಳಾರಿ ರೀಟ್ರೇಡ್
ಒಳ್ಳೆಯದಾಯಿತು ಸಾಹುಕಾರರೇ. ಕೊನೆಗೆ ತೆಳ್ಳಗಾದಾಗ ಡ್ರಮ್ಮು ಕಾಣುವವರೆಗೂ ಓಡಿಸಬೇಡಿ, ಕಬ್ಬಿಣಕ್ಕೆ ಗೀರು ಬೀಳುತ್ತದೆ. ಎದ್ದ ಹಳೆಯ ತುಂಡುಗಳನ್ನೂ ಎಸೆಯಬೇಡಿ, ಒಂದನ್ನು ನನಗೆ ಕಳಿಸಿ. ಹೊಸ ಹುಡುಗರಿಗೆ ತೋರಿಸಬೇಕು.